ಸಹಾಯ ಬೇಕು: ಬಾವುಟದ ಡಿಸೈನ್‌ನ ಗಾಳೀಲಿ ಹಾರಿಸಿ ನೋಡೋ ಟೂಲ್

ಎಲ್ರಿಗೂ ನಮಸ್ಕಾರ, ನ್ಯೂಜಿಲೆಂಡ್‌ನಲ್ಲಿ 2015-16ರಲ್ಲಿ ರಾಷ್ಟ್ರಧ್ವಜ ಬದಲಾಯಿಸ್ಬೇಕಾ ಅಂತ ಎರಡು ಸಲ ಜನಮತ ತಗೊಂಡ್ರಲ್ಲ, ಮೊದಲ್ನೇ ಸಲ ಐದು ಡಿಸೈನ್ ಇಟ್ಟಿದ್ರು, ಕೊನೆಗೆ ಸುಮಾರು 57% ಜನ ಹಳೇದೇ ಇರ್ಲಿ ಅಂದ್ರು. ಆ ಐದನ್ನೂ ಹಳೇ ಬಾವುಟದ ಜೊತೆ ಆನ್‌ಲೈನ್ ಸಿಮ್ಯುಲೇಶನ್ ಟೂಲ್‌ನಲ್ಲಿ ಹಾರಿಸಿ ನೋಡ್ತಾ ಇದೀನಿ. ಸ್ಕ್ರೀನ್ ಮೇಲೆ ನೀಟಾಗಿ ಹರಡಿದ್ರೆ ಯಾವ್ದಾದ್ರೂ ಚೆನ್ನಾಗೇ ಕಾಣತ್ತೆ, ಆದ್ರೆ ಬಾವುಟ ಇರೋದು ಕಂಬದ ಮೇಲೆ, ಅರ್ಧ ಹೊತ್ತು ಗಾಳಿ ಇಲ್ದೆ ಜೋತು ಬಿದ್ದಿರತ್ತೆ, ಆಗ ಕೆಲವು ಡಿಸೈನ್‌ನಲ್ಲಿರೋ ಬೆಳ್ಳಿ ಫರ್ನ್ (ನ್ಯೂಜಿಲೆಂಡ್‌ನ ಗುರುತಾಗಿರೋ ಜರಿಗಿಡ) ಎಲೆ, ಎಲೆ ಥರ ಕಾಣತ್ತಾ ಬರೀ ಬಿಳಿ ಪಟ್ಟಿ ಆಗೋಗತ್ತಾ ಅನ್ನೋದೇ ನಂಗೆ ಮುಖ್ಯ.

ಸಮಸ್ಯೆ ಏನಂದ್ರೆ ಈ ಟೂಲ್ ಎಲ್ಲಾ ಚಿತ್ರಾನೂ 2:3 ಅಳತೆಗೆ ಎಳೆದುಬಿಡತ್ತೆ, ಇವೆಲ್ಲಾ 1:2, ಉದ್ದ ಜಾಸ್ತಿ, ಹಾಗಾಗಿ ನಕ್ಷತ್ರಗಳು ಸೊಟ್ಟ ಆಗ್ತವೆ. ಗಾಳಿ ಪೂರ್ತಿ ನಿಲ್ಸೋಕೂ ಆಗಲ್ಲ, ಹಿಂಬದಿ ತೋರ್ಸಲ್ಲ. ಹಿಂದಿನಿಂದ ನೋಡಿದ್ರೆ ಎಲೆ ಉಲ್ಟಾ ಆಗತ್ತೆ ಅಲ್ವಾ, ಅದನ್ನೂ ನೋಡ್ಲೇಬೇಕು.

ಅಳತೆ, ಗಾಳಿ ಎರಡೂ ನಾವೇ ಸೆಟ್ ಮಾಡೋ ಫ್ರೀ ಟೂಲ್ ಯಾರಿಗಾದ್ರೂ ಗೊತ್ತಿದ್ರೆ ದಯವಿಟ್ಟು ಹೇಳಿ. ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರ್‌ನಲ್ಲಿ ಕ್ಲಾತ್ ಸಿಮ್ಯುಲೇಶನ್ (ಬಟ್ಟೆ ಹೇಗೆ ಅಲುಗಾಡತ್ತೆ ಅಂತ ಕಂಪ್ಯೂಟರ್‌ನಲ್ಲಿ ತೋರ್ಸೋದು) ಮಾಡಿರೋರು ಇದ್ರೆ, ಬಟ್ಟೆಯ ತೂಕ ಎಷ್ಟಿಟ್ರೆ ನಿಜವಾದ ಬಾವುಟದ ಥರ ಬರತ್ತೆ ಅಂತಾನೂ ತಿಳ್ಸಿ ಪ್ಲೀಸ್.