ಎರಡು ಭಾಷೆಯಲ್ಲಿ ಪ್ರೇಮ ಕಾದಂಬರಿ, ಸ್ವಂತ ಪ್ರಕಟಣೆ: ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿಯಿಂದ ಒಬ್ಬರು ಕೇಳಿದ್ದು: ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಪ್ರೇಮ ಕಾದಂಬರಿ ಬರೆದು ಇಟ್ಟಿದ್ದೇನೆ. ಪ್ರಕಾಶಕರ ಬಾಗಿಲು ಕಾಯುವ ಮನಸ್ಸಿಲ್ಲ, ನಾನೇ ತರಬೇಕು ಅಂತಿದ್ದೇನೆ. ಯಾವುದು ಮೊದಲು? ಎಷ್ಟು ಪ್ರತಿ ಹಾಕಿಸಲಿ? ಕನ್ನಡದ್ದನ್ನೇ ಇಂಗ್ಲಿಷಿಗೂ ತಂದರೆ ನಡೆಯುತ್ತದಾ? ನನ್ನ ಹೆಸರಲ್ಲೇ ಬಂದರೆ ಊರವರು ಏನಂತಾರೋ ಅನ್ನುವ ಅಳುಕೂ ಇದೆ.

ಸಾಗರದಿಂದ ಉತ್ತರ:

ಅಳುಕಿನ ವಿಷಯ ಮೊದಲು ಹೇಳಿಬಿಡುತ್ತೇನೆ. ಪ್ರೇಮ ಕಾದಂಬರಿ ಅಂದ ಕೂಡಲೇ ಮೂಗು ಮುರಿಯುವವರು ಎಲ್ಲಾ ಕಾಲಕ್ಕೂ ಇದ್ದಾರೆ. ಆದರೆ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರ ಓದು ಉಳಿದದ್ದೇ ಸುಧಾ, ತರಂಗದ ಧಾರಾವಾಹಿಗಳಿಂದ, ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬಾಡಿಗೆಗೆ ತಂದ ಕಾದಂಬರಿಗಳಿಂದ. ಕೊಟ್ಟಿಗೆ ಕೆಲಸ, ಊಟ, ಪಾತ್ರೆ ಎಲ್ಲಾ ಮುಗಿಸಿ ಮುಂದಿನ ಕಂತಿಗೆ ಕಾಯುತ್ತಿದ್ದವರು ಅವರು. ಅವರಿಗಾಗಿ ಬರೆಯುವುದು ಸಣ್ಣ ಕೆಲಸ ಅಲ್ಲ. ಆದರೂ ಕಾವ್ಯನಾಮ ಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಕಿಂಡಲ್ (ಅಮೆಜಾನಿನ ಇ-ಪುಸ್ತಕ ತಾಣ) ಖಾತೆ, ಪ್ಯಾನ್, ಬ್ಯಾಂಕ್ ಎಲ್ಲಾ ನಿಜ ಹೆಸರಿನಲ್ಲಿರಲಿ, ಪುಸ್ತಕದ ಮೇಲೆ ಮಾತ್ರ ಕಾವ್ಯನಾಮ. ಸರ್ಕಾರಿ ನೌಕರಿಯಲ್ಲಿದ್ದರೆ ಇಲಾಖೆಯ ನಿಯಮ ಒಮ್ಮೆ ಕೇಳಿಕೊಳ್ಳಿ.

ಇನ್ನು ಮುಖ್ಯ ಮಾತು. ಎರಡು ಭಾಷೆ ಅಂದರೆ ಎರಡು ಬೇರೆ ಓದುಗರು, ಎರಡು ಬೇರೆ ಮಾರುಕಟ್ಟೆ. ಒಂದೇ ಪುಸ್ತಕವನ್ನು ಎರಡೂ ಕಡೆ ಹಾಗೇ ಇಟ್ಟರೆ ಎರಡೂ ಕಡೆ ಅರೆಬರೆ ಆಗುತ್ತದೆ.

ನನ್ನದೇ ಒಂದು ದೃಶ್ಯ ಹೇಳುತ್ತೇನೆ. ಅಡಿಕೆ ಸುಲಿಯುವ ರಾತ್ರಿ. ಅಂಗಳದಲ್ಲಿ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹೆಂಗಸರು ಕೂತಿದ್ದಾರೆ, ಮನೆಯ ಮಗ ಬುಟ್ಟಿಯಲ್ಲಿ ಹಸಿ ಅಡಿಕೆ ತಂದು ಒಬ್ಬೊಬ್ಬರ ಮುಂದೆ ಸುರಿಯುತ್ತಿದ್ದಾನೆ. ನಾಯಕಿಯ ಮುಂದೆ ಬಂದಾಗ ಬುಟ್ಟಿ ಒಂದು ಗಳಿಗೆ ತಡವಾಗಿ ಬಗ್ಗುತ್ತದೆ. ಅಷ್ಟೇ. ಕನ್ನಡದಲ್ಲಿ ಇದಕ್ಕಿಂತ ಜಾಸ್ತಿ ಬೇಕಿಲ್ಲ, ಯಾಕಂದರೆ ಪಕ್ಕದಲ್ಲಿ ಅತ್ತೆ ಕೂತಿದ್ದಾಳೆ, ಎದುರಿಗೆ ಊರಿನ ಅರ್ಧ ಜನ ಇದ್ದಾರೆ, ಆ ಒಂದು ಗಳಿಗೆಗೆ ಎಷ್ಟು ಧೈರ್ಯ ಬೇಕು ಅಂತ ಓದುವವಳಿಗೆ ಗೊತ್ತು. ಇಂಗ್ಲಿಷಿಗೆ ಬರೆಯುವಾಗ ಆ ದೃಶ್ಯವನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಅವಳ ತಲೆಯೊಳಗೆ ಹೋದೆ, ಮುಂದಿನ ಅಧ್ಯಾಯ ಅವನ ಕಡೆಯಿಂದ ಹೇಳಿದೆ. ಅಲ್ಲಿ ಹೀಗೆ ಇಬ್ಬರ ಕಡೆಯಿಂದಲೂ ಕಥೆ ಹೇಳುವ ರೂಢಿ ಜಾಸ್ತಿ. ಕನ್ನಡದಲ್ಲಿ ಎಲ್ಲರೂ ಮೆಚ್ಚಿದ್ದ ಅಜ್ಜಿಯ ಅಧ್ಯಾಯ ಅಲ್ಲಿ ಬೇಡವಾಯಿತು. ಕೊನೆಗೆ ಇಬ್ಬರೂ ಒಂದಾಗಲೇಬೇಕು ಅನ್ನುವುದು ಇಂಗ್ಲಿಷ್ ರೊಮ್ಯಾನ್ಸ್ ಓದುಗರ ಜೊತೆಗಿನ ಒಪ್ಪಂದ. ಅದನ್ನು ಮುರಿದರೆ ಅವರು ಮತ್ತೆ ನಿಮ್ಮ ಪುಸ್ತಕ ಮುಟ್ಟುವುದಿಲ್ಲ.

ಯಾವುದು ಮೊದಲು ಅಂದರೆ, ಕನ್ನಡ ಮೊದಲು. ಇಂಗ್ಲಿಷಿನದು ಇನ್ನೊಂದು ಕಾದಂಬರಿ ತಯಾರಾಗುವವರೆಗೆ ಕಾಯಲಿ. ಅಲ್ಲಿನ ಓದುಗರು ಒಂದು ಮುಗಿಸಿ ಅದೇ ಲೇಖಕಿಯ ಮುಂದಿನದನ್ನು ಹುಡುಕುತ್ತಾರೆ. ಮುಂದಿನದು ಇಲ್ಲದಿದ್ದರೆ ಸಿಕ್ಕ ಓದುಗರು ಹೋದ ಹಾಗೇ.

ಕಿಂಡಲ್ 2016ರಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿಕೊಂಡಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಇದು ನನಗೆ ಈಗಲೂ ಬೇಸರದ ವಿಷಯ. ಹಾಗಾಗಿ ಕಿಂಡಲನ್ನು ಇಂಗ್ಲಿಷಿಗೆ ಇಟ್ಟುಕೊಂಡೆ. ಅಲ್ಲಿ ರಾಯಲ್ಟಿ ಶೇ. 35 ಅಥವಾ ಶೇ. 70. ಭಾರತದ ಮಾರಾಟಕ್ಕೆ ಶೇ. 70 ಬೇಕಾದರೆ ಕಿಂಡಲಿನದೇ ಯೋಜನೆಯಾದ ಕೆಡಿಪಿ ಸೆಲೆಕ್ಟ್‌ಗೆ ಸೇರಬೇಕು. ಸೇರಿದರೆ 90 ದಿನ ಆ ಇ-ಪುಸ್ತಕ ಬೇರೆ ಎಲ್ಲೂ ಇರುವಂತಿಲ್ಲ, ನಿಮ್ಮ ಸ್ವಂತ ಪುಟದಲ್ಲೂ. ಅಚ್ಚಿನ ಪ್ರತಿ ಮಾರಬಹುದು. ತೆರಿಗೆ ಫಾರಂ ತುಂಬುವಾಗ ಪ್ಯಾನ್ ಸಂಖ್ಯೆ ಕೊಟ್ಟರೆ ಅಮೆರಿಕದ ಮಾರಾಟದ ಮೇಲೆ ಶೇ. 30ರ ಬದಲು ಶೇ. 15 ಹಿಡಿಯುತ್ತಾರೆ. ಸುಮ್ನೆ ಬಿಟ್ಟುಬಿಡಬೇಡಿ. ದುಡ್ಡು ಬರಲು ತಿಂಗಳು ಮುಗಿದು ಸುಮಾರು 60 ದಿನ.

ಕನ್ನಡದ್ದನ್ನು ಪ್ರತಿಲಿಪಿ ಅನ್ನುವ ಕಥೆಗಳ ಆ್ಯಪಿನಲ್ಲಿ ಕಂತು ಕಂತಾಗಿ ಹಾಕಿ. ಅಧ್ಯಾಯಕ್ಕೊಂದು ಅಭಿಪ್ರಾಯ ಬರುತ್ತದೆ, ಯಾವ ಪಾತ್ರದ ಮೇಲೆ ಜನರಿಗೆ ಜೀವ, ಎಲ್ಲಿ ಕಥೆ ಎಳೆದಿದೆ ಅಂತ ಅಚ್ಚಿಗೆ ಹೋಗುವ ಮೊದಲೇ ಗೊತ್ತಾಗುತ್ತದೆ. ಆದರೆ ಎಲ್ಲೇ ಆಗಲಿ, ಆಡಿಯೋ, ಅನುವಾದ, ಸಿನಿಮಾ ಹಕ್ಕು ಯಾರಿಗೆ ಹೋಗುತ್ತದೆ ಅಂತ ಓದದೆ ಒಪ್ಪಿಗೆ ಒತ್ತಬೇಡಿ.

"ಎಲ್ಲಾ ನಾವೇ ಮಾಡಿಕೊಡುತ್ತೇವೆ" ಅನ್ನುವ ಪ್ಯಾಕೇಜ್ ಸಂಸ್ಥೆಗಳಿಂದ ದೂರ ಇರಿ. ಹೊಸನಗರದ ನನ್ನ ಗೆಳತಿಯಿಂದ ಒಂದು ಸಂಸ್ಥೆ ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೂ ದುಡ್ಡು ತೆಗೆದುಕೊಂಡಿತು. ಭಾರತದಲ್ಲಿ ಐಎಸ್‌ಬಿಎನ್ ಉಚಿತ! ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಜಾಲತಾಣದಲ್ಲಿ ಲೇಖಕಿಯಾಗಿ ನೀವೇ ಅರ್ಜಿ ಹಾಕಬಹುದು. ಅವಳ ಪುಸ್ತಕದ ಐಎಸ್‌ಬಿಎನ್ ಆ ಸಂಸ್ಥೆಯ ಹೆಸರಿನಲ್ಲಿದ್ದರಿಂದ ದಾಖಲೆಯಲ್ಲಿ ಪ್ರಕಾಶಕರು ಅವರೇ ಆದರು. ಎರಡನೇ ಮುದ್ರಣ ತಾನೇ ತರಲು ಹೊಸ ಸಂಖ್ಯೆ ತೆಗೆದುಕೊಳ್ಳಬೇಕಾಯಿತು. ಅದೆಷ್ಟು ನೊಂದುಕೊಂಡಳು ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಎಷ್ಟು ಪ್ರತಿ? ಡಿಜಿಟಲ್ ಮುದ್ರಣದಲ್ಲಿ ನೂರು ಹಾಕಿಸಿ. ಒಂದು ಪ್ರತಿಗೆ ಬೀಳುವ ಖರ್ಚು ಜಾಸ್ತಿ, ಆದರೆ ಸಾವಿರ ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳುವುದು ನಮ್ಮ ಊರಲ್ಲಿ ಆಗದ ಮಾತು. ಮಳೆಗಾಲದಲ್ಲಿ ಕಟ್ಟಿನ ಒಳಗೇ ಬೂಷ್ಟು ಹಿಡಿಯುತ್ತದೆ, ರಕ್ಷಾಪುಟ ಸುರುಳಿಯಾಗುತ್ತದೆ. ಬಿಡುಗಡೆಯನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ, ಮುಂದಿನ ಮಳೆ ಹಿಡಿಯುವ ಮೊದಲು ಬಹುಪಾಲು ಕೈದಾಟಿರಬೇಕು. ಉಳಿದದ್ದನ್ನು ನೆಲಕ್ಕೂ ಗೋಡೆಗೂ ತಾಗದ ಹಾಗೆ ಹಲಗೆಯ ಮೇಲೆ ಇಡಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಗಿದೆ, ಆ ಖರ್ಚು ನೋಡಿಕೊಂಡು ಬೆಲೆ ಇಡಿ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಒಂದು ಪ್ರತಿ ಕಳಿಸಬೇಕು, 1954ರ ಕಾಯ್ದೆ ಇದೆ.

ಇಷ್ಟೆಲ್ಲಾ ಮಾಡಿದರೂ ಕೆಲಸ ಬಿಡುವಷ್ಟು ದುಡ್ಡು ಬೇಗ ಬರುವುದಿಲ್ಲ. ಇರುವ ಕೆಲಸ ಇಟ್ಟುಕೊಂಡೇ ಬರೆಯಿರಿ.

ಶಿವಮೊಗ್ಗದಿಂದ ಇನ್ನೊಬ್ಬರು:

ಸಾಗರದ ಅಕ್ಕ ಹೇಳಿದ್ದೆಲ್ಲಾ ಸರಿ. ನಾನು ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸದವನು, ಒಂದೆರಡು ವಿಷಯ ಸೇರಿಸುತ್ತೇನೆ.

ಯೂನಿಕೋಡಿನಲ್ಲೇ (ಯಾವ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಬರೆಯಿರಿ ಮೇಡಂ. ಹಳೆ ನುಡಿ, ಬರಹ ಫಾಂಟಿನಲ್ಲಿ ಪುಟ ಮಾಡಿಸಿದರೆ ಅಚ್ಚು ಚೆನ್ನಾಗಿಯೇ ಬರುತ್ತದೆ, ಆದರೆ ಅದೇ ಫೈಲನ್ನು ಇ-ಪುಸ್ತಕಕ್ಕೆ ಪರಿವರ್ತಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ, ಒತ್ತಕ್ಷರ ಒಡೆಯುತ್ತದೆ. ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಟ ಮಾಡುವವರಾದರೆ ಭಾರತೀಯ ಲಿಪಿ ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಆನ್ ಮಾಡಿದ್ದಾರಾ ಕೇಳಿ. ಕಾದಂಬರಿಗಳ ಸಾಮಾನ್ಯ ಗಾತ್ರವಾದ 1/8 ಡೆಮ್ಮಿ ಅಳತೆ, 70 ಜಿಎಸ್‌ಎಂ ತೂಕದ ಮ್ಯಾಪ್‌ಲಿಥೋ ಕಾಗದ ಕಾದಂಬರಿಗೆ ಸಾಕು. ಆಫ್‌ಸೆಟ್ ಮುದ್ರಣಕ್ಕೆ ಹೋದರೆ ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಹಾಳೆ) ಲೆಕ್ಕ ಬರುತ್ತದೆ, ಒಂದು ಫಾರಂಗೆ 16 ಪುಟ. 195 ಪುಟ ಆಗಿದ್ದರೆ ಮೂರು ಪುಟ ಎಲ್ಲಾದರೂ ಇಳಿಸಿ 192ಕ್ಕೆ ನಿಲ್ಲಿಸಿ, ಸರಿಯಾಗಿ 12 ಫಾರಂ ಆಗುತ್ತದೆ. ಕರಡನ್ನು ಪರದೆಯಲ್ಲಿ ತಿದ್ದಬೇಡಿ, ಪ್ರಿಂಟ್ ತೆಗೆಸಿ ಪೆನ್ನು ಹಿಡಿದು ತಿದ್ದಿ. ಕಥೆ ಗೊತ್ತಿಲ್ಲದ ಇನ್ನೊಬ್ಬರ ಕೈಲೂ ಒಮ್ಮೆ ಓದಿಸಿ.