ಅಪ್‌ಡೇಟ್: ಟ್ಯಾಕ್ಸಿಲಿ ಕಾರ್ಡ್ ಬೇಡ ಕ್ಯಾಶೇ ಕೊಡಿ ಅಂತಾರಲ್ಲ, ಆ ವಿಷಯ
ಮಷೀನ್ ಕೆಟ್ಟಿದೆ ಅನ್ನೋ ಡ್ರೈವರ್‌ನ ನಂಬೋದಾ ಅಂತ ಕೇಳಿದ್ನಲ್ಲ, ಉತ್ತರ ಕೊಟ್ಟ ಎಲ್ರಿಗೂ ಥ್ಯಾಂಕ್ಸ್. ಈಗ ಹತ್ತೋ ಮುಂಚೆನೇ ಕಾರ್ಡ್ ತಗೋತೀರಾ ಅಂತ ಕೇಳ್ಬಿಡ್ತೀನಿ, ಇಲ್ಲ ಅಂದ್ರೆ ಬೇರೆ ಗಾಡಿ. ನಿನ್ನೆ ಒಬ್ರು ಡ್ರೈವರ್‌ ಹತ್ರ ಮಾತಾಡ್ದೆ, ಕಾರ್ಡ್ ದುಡ್ಡಲ್ಲಿ ಕಮಿಷನ್ ಕಟ್ ಆಗಿ ಅಕೌಂಟಿಗೆ ಬರೋಕೆ ದಿನಗಟ್ಲೆ ಕಾಯ್ಬೇಕು, ಇಂಧನ ಮಾತ್ರ ಇವತ್ತೇ ಹಾಕಿಸ್ಬೇಕಲ್ಲ ಅಂದ್ರು, ಹಾಗಾಗಿ ಕ್ಯಾಶ್ ಕೇಳೋರೆಲ್ಲ ಮೋಸಗಾರರು ಅಂತ ಖಂಡಿತ ಹೇಳಲ್ಲ. ಆದ್ರೆ ಇಳಿಯೋವಾಗ ಕೆಟ್ಟಿರೋ ಮಷೀನು, ನನ್ ಹತ್ರ ಕ್ಯಾಶ್ ಇಲ್ಲ ಅಂದ ತಕ್ಷಣ ಸರಿಹೋಗುತ್ತಲ್ಲ, ಅದಕ್ಕೇ ಸಿಟ್ಟು ಬರೋದು! ಇನ್ನೊಂದು, ಬೇರೆ ದೇಶದಲ್ಲಿ ಮಷೀನು ಯಾವ ಕರೆನ್ಸಿ ಅಂತ ಕೇಳಿದ್ರೆ ಆ ದೇಶದ್ದೇ ಒತ್ತಿ, ನಮ್ಮದು ಒತ್ತಿದ್ರೆ ಸಾಮಾನ್ಯವಾಗಿ ಜಾಸ್ತಿ ಬೀಳುತ್ತೆ. ಪಿನ್ ಹಾಕೋ ಮುಂಚೆ ಸ್ಕ್ರೀನಲ್ಲಿ ಮೀಟರಿನ ಮೊತ್ತನೇ ಇದ್ಯಾ ನೋಡ್ಕೊಳಿ.