ಸಹಾಯ ಬೇಕು: ಅಮ್ಮನ ಜೊತೆ ಚೀನಾದ ಚೆಂಗ್ಡುವಿಂದ ಯಾಡಿಂಗ್‌ಗೆ ರೋಡ್ ಟ್ರಿಪ್

ಎಲ್ರಿಗೂ ನಮಸ್ಕಾರ, ಅಕ್ಟೋಬರ್‌ನಲ್ಲಿ ನಾನು, ಅಮ್ಮ ಇಬ್ರೂ ಚೆಂಗ್ಡುವಿಂದ ಜಿ318 ಹೈವೇ ಹಿಡಿದು ಕಾಂಗ್‌ಡಿಂಗ್, ಲಿಟಾಂಗ್ ದಾಟಿ ಹಿಮಬೆಟ್ಟಗಳಿರೋ ಯಾಡಿಂಗ್ ನಿಸರ್ಗಧಾಮದವರೆಗೂ ಹೋಗೋಣ ಅಂತಿದೀವಿ. ಚೀನಾದಲ್ಲಿ ಇಂಟರ್‌ನ್ಯಾಷನಲ್ ಲೈಸೆನ್ಸ್ ನಡೆಯಲ್ಲ, ಅದಕ್ಕೆ ಡ್ರೈವರ್ ಸಮೇತ ಕಾರ್ ಬುಕ್ ಮಾಡ್ಬೇಕು, ಹೋಗಿಬಂದವ್ರು ಯಾರಾದ್ರೂ ಇದ್ರೆ ದಿನಕ್ಕೆ ಎಷ್ಟಾಯ್ತು ಹೇಳ್ತೀರಾ?

ನಂಗೆ ಜಾಸ್ತಿ ಚಿಂತೆ ಎತ್ತರದ್ದು. ಚೆಂಗ್ಡು ಬರೀ 500 ಮೀಟರ್, ಕಾಂಗ್‌ಡಿಂಗ್ ಸುಮಾರು 2,500, ಅಲ್ಲಿಂದ ಝೆಡುವೊ ಘಾಟಿ ಹತ್ತಿದ್ರೆ 4,298, ಲಿಟಾಂಗ್ ಊರೇ 4,000 ಮೀಟರ್ ಹತ್ರ ಇದೆ, ಅಮ್ಮಂಗೆ 63 ವರ್ಷ, ಬಿಪಿ ಮಾತ್ರೆ ಬೇರೆ ತಗೋತಾರೆ. ಡಾಕ್ಟರ್‌ನ ಕೇಳೇ ಹೊರಡ್ತೀವಿ, ಆದ್ರೂ ದೊಡ್ಡೋರನ್ನ ಕರ್ಕೊಂಡು ಹೋದವ್ರ ಅನುಭವ ಬೇಕು. ಕಾಂಗ್‌ಡಿಂಗ್‌ನಲ್ಲಿ ಎತ್ತರಕ್ಕೆ ಮೈ ಒಗ್ಗೋಕೆ ಎರಡು ರಾತ್ರಿ ಉಳಿದ್ರೆ ಸಾಕಾ? ಲಿಟಾಂಗ್‌ನಲ್ಲಿ ಮಲಗೋದು ಬೇಡ್ವಾ? ಯಾಡಿಂಗ್‌ನ 6,032 ಮೀಟರ್‌ನ ಚೆನ್ರೆಜಿಗ್ ಹಿಮಬೆಟ್ಟ ಕಣ್ಣಾರೆ ನೋಡ್ಬೇಕು ಅನ್ನೋದು ಅಮ್ಮನ ತುಂಬಾ ದಿನದ ಆಸೆ, ದಯವಿಟ್ಟು ತಿಳಿದವ್ರು ಹೇಳಿ.